ನದಿಯ ಬಣ್ಣದ ಸೀರೆ

“ಗುರುಗಳೇ, ನೀವು ಸಿದ್ಧರಾಮನಿಗೆ ಮಾತು ಕಡಿಮೆ ಮಾಡು ಎಂದಿರಿ. ನನಗೆ ಬಾಯಿಬಿಟ್ಟು ಮಾತಾಡು ಎನ್ನುತ್ತೀರಿ. ಒಂದು ಸರಿಯಾದರೆ ಇನ್ನೊಂದು ತಪ್ಪಾಗಲೇಬೇಕಲ್ಲವೇ? ಇವೆರಡರಲ್ಲಿ ನಿಜ ಯಾವುದು?”

ಕೇಳಿದವನು ನಿರಂಜನ. ಆಶ್ರಮದ ಶಿಷ್ಯರಲ್ಲಿ ಎಲ್ಲರಿಗಿಂತ ಹೊಸಬ, ಸಂಕೋಚದವನು; ಸಿದ್ಧರಾಮ ಅವನ ಜೊತೆಯ ಶಿಷ್ಯ, ಮಹಾ ಮಾತುಗಾರ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ರೇಷ್ಮೆ ಸೀರೆಯ ವ್ಯಾಪಾರಿಯಿದ್ದ. ಬಣ್ಣದ ವಿಷಯದಲ್ಲಿ ಬಲು ಬಿಗಿ ಮನುಷ್ಯ. ತಾನು ಹೇಳಿದ ಬಣ್ಣಕ್ಕಿಂತ ಒಂದು ಛಾಯೆ ಹೆಚ್ಚುಕಡಿಮೆಯಾದರೂ ಸೀರೆಯನ್ನು ನೇಕಾರನಿಗೆ ವಾಪಸು ಕಳಿಸುತ್ತಿದ್ದ. ಅವನ ಮಗಳಿಗೆ ಮದುವೆ ಗೊತ್ತಾಯಿತು. ಅಂಗಡಿಯಲ್ಲಿದ್ದ ಒಂದು ಸೀರೆಯೂ ಅವಳಿಗೆ ಹಿಡಿಸಲಿಲ್ಲ. ಅದೇ ಸಮಯಕ್ಕೆ ವ್ಯಾಪಾರಿ ಮತ್ತು ಅವನ ಹೆಂಡತಿ ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಹಡಗಿನ ಪ್ರವಾಸಕ್ಕೆ ಹೊರಟಿದ್ದರು. ಮಗಳು ಆ ನದಿಯ ಚಿತ್ರ ನೋಡಿದಳು. “ಅಪ್ಪಾ, ಧಾರೆಗೆ ಈ ನದಿಯ ಬಣ್ಣದ ಸೀರೆಯೇ ಆಗಬೇಕು” ಎಂದಳು. ವ್ಯಾಪಾರಿ ಆಗಲಿ ಎಂದು ಮಾತು ಕೊಟ್ಟ.

ಚಿತ್ರವನ್ನು ಅವನು ನಂಬುವವನಲ್ಲ. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಂದು ಚೀಲದ ತುಂಬ ತುಂಬಿಕೊಂಡು ಹಡಗು ಹತ್ತಿದ. ಹಸಿರಿನಲ್ಲಿ, ನೀಲಿಯಲ್ಲಿ ಎಷ್ಟು ಬಗೆಯುಂಟೋ ಅಷ್ಟೂ ಅದರಲ್ಲಿದ್ದವು.

ಬೆಳಗ್ಗೆ ಹಡಗಿನ ಅಂಚಿನ ಕಟಕಟೆಗೆ ಒರಗಿ ಒಂದು ಹಸಿರು ಲಡಿಯನ್ನು ನೀರಿನ ಮೇಲೆ ಇಳಿಬಿಟ್ಟು ನೋಡಿದ. ಬಣ್ಣ ಕೂಡಿತು. ಸಂತೋಷದಿಂದ ಅದಕ್ಕೆ ಗುರುತಿನ ಗಂಟು ಹಾಕಿದ. ಅಷ್ಟರಲ್ಲಿ ನದಿ ತಿರುವು ತೆಗೆದುಕೊಂಡಿತು. ದ್ರಾಕ್ಷಿ ತೋಟದ ಗುಡ್ಡದ ನೆರಳು ನೀರಿಗೆ ಬಿತ್ತು. ಲಡಿ ಕೂಡಲಿಲ್ಲ. ಗಂಟು ಬಿಚ್ಚಿ ನೀಲಿಯದೊಂದನ್ನು ತೆಗೆದ, ಕೂಡಿತು. ಮೋಡ ಬಂತು. ಅದೂ ಕೂಡಲಿಲ್ಲ.

ಹೆಂಡತಿ ದಪ್ಪ ಕೋಟು ತೊಟ್ಟು ಕುರ್ಚಿಯಲ್ಲಿ ಕೂತು ದಡ ನೋಡುತ್ತಿದ್ದಳು.

“ರೀ, ಇಲ್ಲಿ ಬನ್ನಿ. ಎಂಥ ಕೊಕ್ಕರೆ ನೋಡಿ.”

“ಯಾವ ಬಣ್ಣ?” ಎಂದ ವ್ಯಾಪಾರಿ, ನೀರಿನಿಂದ ಕಣ್ಣು ತೆಗೆಯದೆ.

“ಕೊಕ್ಕರೆ ಬಣ್ಣ.”

ಪಕ್ಕದಲ್ಲಿದ್ದ ಆ ದೇಶದ ಮುದುಕಿಯೊಬ್ಬಳಿಗೆ ಕುತೂಹಲ ತಡೆಯಲಾಗಲಿಲ್ಲ. “ಈ ನೂಲಿಗೆ ಮೀನು ಬೀಳುತ್ತವೆಯೇ?” ಎಂದು ಕೇಳಿದಳು.

“ಮೀನಿಗಲ್ಲಮ್ಮ, ನದಿಗೇ ಗಾಳ ಹಾಕಿದ್ದಾರೆ” ಎಂದಳು ಹೆಂಡತಿ. ಸುತ್ತಲಿದ್ದವರೆಲ್ಲ ನಕ್ಕರು. ವ್ಯಾಪಾರಿ ನಗಲಿಲ್ಲ.

ದಿನಗಳು ಹೀಗೇ ಕಳೆದವು. ಕೋಟೆಗಳು ಬಂದವು, ಹೋದವು. ಊರುಗಳು, ಹಣ್ಣಿನ ತೋಟಗಳು, ಈಜುವ ಬಾತುಗಳು ಎಲ್ಲವನ್ನೂ ಹೆಂಡತಿ ನೋಡಿದಳು. ವ್ಯಾಪಾರಿ ಗಂಟು ಹಾಕಿದ, ಗಂಟು ಬಿಚ್ಚಿದ.

ಕೊನೆಯ ಸಂಜೆ ಅವನು ಚೀಲ ಕಟ್ಟಿ ಸೋತು ಕೂತ. “ಮಗಳಿಗೆ ಯಾವ ಮುಖ ತೋರಿಸಲಿ? ಈ ನದಿಗೆ ಬಣ್ಣವೆಂಬುದೇ ಇಲ್ಲ” ಎಂದ.

ಅಂದು ಸೆಖೆಯಿತ್ತು. ಹೆಂಡತಿ ಕೋಟು ತೆಗೆದಿಟ್ಟು, ಕಟಕಟೆ ಹಿಡಿದು ಬಾಗಿ ನೋಡುತ್ತಿದ್ದಳು. ಇಳಿಬಿಸಿಲು ಅವಳ ಸೀರೆಯ ಮೇಲೆ ಬಿದ್ದಿತ್ತು. ಬಿಸಿಲು ತಾಗಿದಲ್ಲಿ ಹಸಿರು, ನೆರಿಗೆ ಮಡಿಸಿದಲ್ಲಿ ನೀಲಿ. ಅವಳು ಅಲುಗಿದಾಗ ನೀಲಿಯಿದ್ದಲ್ಲಿ ಹಸಿರಾಯಿತು.

“ಹಾಗೇ ನಿಲ್ಲು. ಇಲ್ಲ, ಸ್ವಲ್ಪ ತಿರುಗು” ಎಂದ ವ್ಯಾಪಾರಿ.

“ಈ ವಯಸ್ಸಿನಲ್ಲಿ ಇದೇನ್ರೀ, ಜನ ನೋಡುತ್ತಾರೆ.”

ಅದು ಅವನ ಅಂಗಡಿಯದೇ ಸೀರೆ. ಉದ್ದಕ್ಕೆ ಎಳೆಯುವ ಹಾಸು ನೂಲು ನೀಲಿ, ಅಡ್ಡಕ್ಕೆ ನೇಯುವ ಹೊಕ್ಕು ನೂಲು ಹಸಿರು. ಜೀವಮಾನವಿಡೀ ಇಂಥ ಸೀರೆಯನ್ನು ಮಾರಿದ್ದ. ಅದರ ಬಣ್ಣ ಒಂದು ಕಡೆ ನಿಲ್ಲುವುದಿಲ್ಲವೆಂದು ಯಾವ ನೇಕಾರನೊಂದಿಗೂ ತಕರಾರು ತೆಗೆದಿರಲಿಲ್ಲ. ವ್ಯಾಪಾರಿಗೆ ತನ್ನ ಮೇಲೆಯೇ ನಗು ಬಂತು. ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡು, ಕತ್ತಲಾಗುವವರೆಗೆ ಬರಿಗೈಯಲ್ಲಿ ಕೂತು ನದಿ ನೋಡಿದ.

ಊರಿಗೆ ಬಂದು, ಗುಡ್ಡದ ನೆರಳಿನ ನೂಲನ್ನು ಹಾಸಿಗೂ ಬೆಳಗಿನ ನೀರಿನ ನೂಲನ್ನು ಹೊಕ್ಕಿಗೂ ಕೊಟ್ಟು ಸೀರೆ ನೇಯಿಸಿದ. ಮಗಳು ಕುಣಿದಾಡಿಬಿಟ್ಟಳು.

ಮದುವೆಯ ದಿನ ಗಂಡಿನ ಸೋದರತ್ತೆ, “ಹುಡುಗಿಗೆ ನೀಲಿ ಒಪ್ಪುತ್ತದೆ” ಎಂದಳು. “ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಅತ್ತೆ, ಅದು ಹಸಿರು” ಎಂದಳು ಪಕ್ಕದಲ್ಲಿದ್ದ ಸೊಸೆ. ಅಷ್ಟರಲ್ಲಿ ಮದುಮಗಳು ಎದ್ದು ಅವರ ಕಡೆಗೆ ನಡೆದು ಬಂದಳು. ಇಬ್ಬರೂ ಮಾತು ತಿರುಗಿಸಿ, ಅತ್ತೆ ಹಸಿರೆಂದೂ ಸೊಸೆ ನೀಲಿಯೆಂದೂ ಹೇಳಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ಮೊದಲು ನಕ್ಕ. ಆದರೂ ಅವನಿಗೆ ಸಮಾಧಾನವಾಗಲಿಲ್ಲ.

“ಅದೆಲ್ಲ ಸರಿ, ಗುರುಗಳೇ. ನದಿಯ ನಿಜವಾದ ಬಣ್ಣ ಯಾವುದೆಂದು ನೀವು ಹೇಳಲೇ ಇಲ್ಲವಲ್ಲ.”

“ಅದನ್ನು ಹೇಳಬೇಕಾದರೆ ನದಿ ಒಂದು ಗಳಿಗೆ ನಿಲ್ಲಬೇಕಪ್ಪ” ಎಂದರು ಗುರುಗಳು.