ಬಾವಿನ ತಮಟೆ

ಪೈಲ್ವಾನ್ ಕೆಂಚಪ್ಪನ ತೊಡೆಯ ಸ್ನಾಯು ಹರಿದಾಗ ಎಲ್ಲರಿಗಿಂತ ಮೊದಲು ಓಡಿಬಂದದ್ದು ಬಾವು. ಬಂದದ್ದೇ ಜಾಗವನ್ನೆಲ್ಲ ಕೆಂಪಗೆ ಮಾಡಿ, ಜೋರಾಗಿ ತಮಟೆ ಬಡಿಯತೊಡಗಿತು. ಹಿಂದೆಯೇ ನೋವಿನ ಮಾತ್ರೆ ಬಂತು.

"ಏನಯ್ಯ ನಿನ್ನ ಗಲಾಟೆ? ಇನ್ನು ಹದಿನೈದು ದಿನಕ್ಕೆ ಪೈಲ್ವಾನರಿಗೆ ಕುಸ್ತಿಯಿದೆ."

"ಸ್ವಾಮಿ, ಸ್ನಾಯು ನೇಯುವ ಕೋಶಗಳು ಆ ಮೂಲೆಯಲ್ಲಿ ಮಲಗಿವೆ. ತಮಟೆ ಕೇಳದೆ ಅವು ಏಳುವುದಿಲ್ಲ."

"ಎಬ್ಬಿಸುವುದಕ್ಕೂ ಒಂದು ಸಭ್ಯತೆ ಬೇಡವೇ?" ಎಂದು ಮಾತ್ರೆ ತಮಟೆ ಕಿತ್ತುಕೊಂಡು ಬಾವನ್ನು ಹೊರಗಟ್ಟಿತು.

ತೊಡೆ ಶಾಂತವಾಯಿತು. ಕೋಶಗಳು ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿದವು. ವಾರವೆಲ್ಲ ಮಾತ್ರೆ ನುಂಗಿದ ಕೆಂಚಪ್ಪ ಗರಡಿಗೆ ಹೋದ.

"ನೋವಿಲ್ಲ ತಾನೆ? ಹಾಗಾದರೆ ವಾಸಿಯಾಗಿದೆ. ಹೊಡಿಯೋ ಬಸ್ಕಿ!" ಎಂದರು ಉಸ್ತಾದರು.

ಮೂರನೆಯ ಬಸ್ಕಿಗೆ ಸ್ನಾಯು ಮತ್ತೆ ಹರಿಯಿತು. ಬಾವು ಹೊಸ ತಮಟೆಯೊಂದಿಗೆ ಓಡಿಬಂತು. ಈ ಸಲ ಮನೆಯಲ್ಲಿ ಮಾತ್ರೆ ಮುಗಿದಿತ್ತು. ಮೂರು ದಿನ ಕೆಂಚಪ್ಪ ನರಳಿದ, ಬಾವು ಬಡಿಯಿತು. ಕೊನೆಗೆ ಕೋಶವೊಂದು ಕಣ್ಣುಜ್ಜಿಕೊಂಡು ಎದ್ದು ಗದರಿತು.

"ಎದ್ದೆವಲ್ಲ ಮಾರಾಯ, ಇನ್ನಾದರೂ ನಿಲ್ಲಿಸು! ಇಷ್ಟು ಸದ್ದಿನಲ್ಲಿ ನೇಯುವುದು ಹೇಗೆ?"

ಬಾವು ತಮಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋಯಿತು. ಯಾರೂ ವಂದನೆ ಹೇಳಲಿಲ್ಲ, ಅದೂ ಕಾಯಲಿಲ್ಲ.

ಕುಸ್ತಿ ತಪ್ಪಿತು, ತೊಡೆ ಉಳಿಯಿತು. ಹೇಗೆ ವಾಸಿಯಾಯಿತೆಂದು ಯಾರಾದರೂ ಕೇಳಿದರೆ ಕೆಂಚಪ್ಪ ಈಗಲೂ ತೊಡೆ ತಟ್ಟಿಕೊಂಡು ಹೇಳುತ್ತಾನೆ: "ಮೊದಲ ವಾರ ಮಾತ್ರೆ ನುಂಗಿದ್ದೆನಲ್ಲ, ಅದರ ಗುಣ!"