ಕೊಂದವನಿಗೆ ಮಗನ ಹೆಸರು

ಶಿಷ್ಯ ಕೇಳಿದ: "ಗುರುಗಳೇ, ನನ್ನ ತಮ್ಮನನ್ನು ಕೊಂದವನು ಶಿಕ್ಷೆ ಮುಗಿಸಿಕೊಂಡು ಊರಿಗೆ ಬಂದಿದ್ದಾನೆ. ಕ್ಷಮಿಸಿಬಿಡು ಎಂದು ಎಲ್ಲರೂ ಹೇಳುತ್ತಾರೆ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಿಟ್ಟು ಹೋಗದೆ ಕ್ಷಮಿಸುವುದಾದರೂ ಹೇಗೆ?"

ಗುರುಗಳು ಸಿಡುಕಿದರು. "ಎಲ್ಲರಿಗೇನಪ್ಪ, ಹೇಳಿ ಎದ್ದು ಹೋಗುತ್ತಾರೆ. ಸತ್ತದ್ದು ಅವರ ತಮ್ಮನಲ್ಲವಲ್ಲ! ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಕಡಲಾಚೆಯ ಬೆಟ್ಟಸೀಮೆಯಲ್ಲಿ ಚೆರೋಕೀ ಎಂಬ ಜನರಿದ್ದಾರೆ. ನಮ್ಮ ಕರಾವಳಿಯ ಅಳಿಯಸಂತಾನದವರಂತೆ ಅವರಲ್ಲೂ ತಾಯಿಯ ಬಳಿಯೇ, ಎಂದರೆ ತಾಯಿಯ ಕುಲವೇ, ಮಕ್ಕಳ ಬಳಿ. ಮನೆ ಹೆಂಗಸಿನದು, ಹೊಲ ಹೆಂಗಸಿನದು. ಹಿಂದೆ ಕಾಳಗದಲ್ಲಿ ಸೆರೆಸಿಕ್ಕವನನ್ನು ಕೊಲ್ಲಬೇಕೋ ಉಳಿಸಬೇಕೋ ಎಂದು ಹೇಳುವ ಅಧಿಕಾರವೂ ಹೆಂಗಸರದೇ ಆಗಿತ್ತು. ಆಯುಧ ಹಿಡಿದ ಗಂಡಸರೆಲ್ಲ ಒಬ್ಬ ತಾಯಿಯ ಮಾತಿಗಾಗಿ ಕೈಕಟ್ಟಿ ಕಾಯುತ್ತಿದ್ದರು. ಎಂಥ ಜನ ನೋಡು!

ಅವರಲ್ಲಿ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಹೆಸರು ಸಲೋಲಿ. ನೆರೆಸೀಮೆಯವರೊಡನೆ ಕಾಳಗವಾಗಿ ಅವನು ಸತ್ತ. ಅವನನ್ನು ಕೊಂದವನು ಸೆರೆಸಿಕ್ಕ. ಅವಳ ಅಣ್ಣನೇ ಅವನ ಹೆಡೆಮುರಿ ಕಟ್ಟಿ ತಂದು ಅಂಗಳದಲ್ಲಿ ಕೆಡವಿದ.

"ತಂಗಿ, ಒಂದು ಮಾತು ಹೇಳು. ಇಲ್ಲೇ ಮುಗಿಸುತ್ತೇನೆ" ಎಂದ.

ಅವಳಿಗೂ ಅದೇ ಬೇಕಿತ್ತು. ಆದರೂ ಸೆರೆಯಾಳಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದಳು: "ನನ್ನ ಮಗ ಹೇಗೆ ಸತ್ತ?"

ಅವನಿಗೆ ಅವರ ಭಾಷೆ ಅಷ್ಟಿಷ್ಟು ಬರುತ್ತಿತ್ತು. "ಎದುರು ನಿಂತು ಕಾದಾಡಿ ಬಿದ್ದ. ನೀರು ಕೇಳಿದ. ಕೊಟ್ಟೆ."

"ಕುಡಿದನೇ?"

"ಕುಡಿದ."

ಅವಳು ಎದ್ದು ನಿಂತಳು. ಆಮೇಲೆ ಅಣ್ಣನಿಗೆ ಹೇಳಿದಳು: "ನನ್ನ ಮಗನ ಕೊನೆಗಳಿಗೆಯನ್ನು ಕಂಡವನು ಇವನೊಬ್ಬನೇ. ಇವನನ್ನೂ ಕೊಂದರೆ ನಾನು ಯಾರನ್ನು ಕೇಳಲಿ? ಬಿಚ್ಚು ಹಗ್ಗ."

ಅಣ್ಣ ಹಲ್ಲು ಕಡಿದ. ಆದರೆ ಬಿಚ್ಚಿದ. ಬಿಟ್ಟುಬಿಡುವುದೆಂದರೆ ಅವರಲ್ಲಿ ಓಡಿಸಿಬಿಡುವುದಲ್ಲ. ಸತ್ತವನ ಜಾಗ ಬರಿದಾಗಿದೆಯಲ್ಲ, ಉಳಿದವನು ಅದನ್ನು ತುಂಬಬೇಕು. ಮರುದಿನ ಬೆಳಗ್ಗೆ ಅವನನ್ನು ಹೊಳೆಗೆ ಕರೆದೊಯ್ದು ಮುಳುಗಿಸಿ ಎಬ್ಬಿಸಿದರು. ಸಲೋಲಿ ಎಂದೇ ಹೆಸರಿಟ್ಟರು. ಅಂದಿನಿಂದ ಅವನು ಆ ತಾಯಿಯ ಬಳಿಯವನಾದ. ಇನ್ನು ಅವನನ್ನು ಶತ್ರು ಎಂದು ಕರೆಯುವ ಹಕ್ಕು ಯಾರಿಗೂ ಇರಲಿಲ್ಲ. ಹುಡುಗನಿಗೆ ಬೇಟೆ ಕಲಿಸುವುದು ಅವರಲ್ಲಿ ಸೋದರಮಾವನ ಹೊಣೆ. ಹೆಡೆಮುರಿ ಕಟ್ಟಿದ ಕೈಯೇ ಅವನಿಗೆ ಬಿಲ್ಲು ಹಿಡಿಯುವುದನ್ನು ತಿದ್ದಿತು.

ಹೆಸರಿಟ್ಟ ದಿನದ ಸಂಜೆ ತಾಯಿ ಮೆಕ್ಕೆಜೋಳದ ಹಿಟ್ಟಿಗೆ ಕಾಳು ಕಲಸಿ, ಎಲೆಯಲ್ಲಿ ಸುತ್ತಿ ಕಡುಬು ಬೇಯಿಸಿದಳು. ಮಗನ ತಟ್ಟೆಯಲ್ಲೇ ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಮುಂದೆ ಅವಳ ಹೊಲಕ್ಕೆ ಬೇಲಿ ಹಾಕಿದವನು ಅವನೇ, ಮುಪ್ಪಿನಲ್ಲಿ ಅವಳನ್ನು ಮೀಯಲು ಹೊಳೆಗೆ ಹೊತ್ತು ನಡೆದವನೂ ಅವನೇ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ದೊಡ್ಡ ಜೀವ, ಗುರುಗಳೇ! ಒಂದೇ ದಿನದಲ್ಲಿ ಅಷ್ಟು ಸಿಟ್ಟನ್ನೂ ಹೇಗೆ ನುಂಗಿದಳು?"

"ನುಂಗಿದಳು ಎಂದು ನಿನಗೆ ಯಾರಯ್ಯ ಹೇಳಿದರು? ಸಾಯುವವರೆಗೂ ಅವನನ್ನು ಬೈದಳು, ಆದರೆ ಊಟಕ್ಕೆ ಕರೆದು ಬೈದಳು."