ಮೂಡ್ಲಗಿರಿಯೂ ಬೆಳಗ್ಗೆ ನಡುಗೋ ಕಾರೂ

ಕೇಳ್ರಪ್ಪಾ, ನಮ್ಮೂರ ಲಕ್ಕಮ್ಮನಿಗೆ ಒಬ್ಬನೇ ಮಗ, ಮೂಡ್ಲಗಿರಿ. ಮೂವತ್ತು ತುಂಬಿದ ಗಂಡಸು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಅದೇ ಅವಳ ಕರ್ಮ!

ಲಕ್ಕಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟೇ ಗೊತ್ತಾಗೋದು. ಆಪರೇಷನ್ನಿಗೆ ಬೆಳಗ್ಗೆ ಏಳಕ್ಕೆ ಪೇಟೆ ಆಸ್ಪತ್ರೇಲಿರಬೇಕು. ಮೊದಲ ಬಸ್ಸು ಬರೋದೇ ಎಂಟಕ್ಕೆ. ಮನೇಲಿ ಹಳೇ ಕಾರೊಂದಿತ್ತು. ಅದೋ, ಚಳೀಲಿ ಸ್ಟಾರ್ಟ್ ಮಾಡಿದರೆ ಗಡಗಡ ಗಡಗಡ ನಡುಗಿ, ಕೆಮ್ಮಿ, ಆಫ್! ಎರಡು ಸಲ ತಾರೀಕು ತಪ್ಪಿತು. ಮೂರನೇ ಸಲ ಕೊಟ್ಟ ತಾರೀಕಿಗೆ ಇನ್ನೊಂದೇ ವಾರ.

"ಹೋಗೋ, ಮೆಕ್ಯಾನಿಕ್ ನಂಜಾಚಾರಿಗೆ ತೋರಿಸೋ!"

ಮೂಡ್ಲಗಿರಿ ಮಧ್ಯಾಹ್ನದ ಬಿಸಿಲಲ್ಲಿ ಕಾರು ಓಡಿಸ್ಕೊಂಡು ಹೋದ. ನಂಜಾಚಾರಿ ಕಿವಿಗೊಟ್ಟು ಕೇಳಿದ. ನಡುಕವೇ ಇಲ್ಲ!

"ಇಂಜಿನ್ ಬಿಸಿಯಾಗಿದೆ ಕಣೋ. ಬಿಸಿಯಾದ ಮೇಲೆ ರೋಗ ಕಾಣಲ್ಲ. ತಣ್ಣಗಿರೋವಾಗ ತಗೊಂಡು ಬಾ!"

ಮಾರನೇ ದಿನ ಮೂಡ್ಲಗಿರಿ ಮೀನಿನಂಗಡಿಯಿಂದ ಐಸಿನ ಗಡ್ಡೆ ತಂದ. ಬಾನೆಟ್ ಮೇಲೆ ನಾಲ್ಕು ಕಟ್ಟಿದ, ಸೀಟಿನ ಮೇಲೆ ಎರಡಿಟ್ಟ, ಓಡಿಸ್ಕೊಂಡು ಹೋದ. ಕಾರಿನ ತುಂಬ ಮೀನಿನ ವಾಸನೆ, ದಾರಿ ತುಂಬ ನೀರು!

"ತಣ್ಣಗಿದೆ ನೋಡಿ ಆಚಾರ್ರೇ!"

"ಅಯ್ಯೋ ಪೆದ್ದೇ! ಐಸು ಇಡು ಅಂದ್ನೇನೋ? ಸ್ಟಾರ್ಟ್ ಮಾಡಬೇಡ, ಸ್ಟಾರ್ಟೇ ಮಾಡದೆ ತಗೊಂಡು ಬಾ!"

ಮಾರನೇ ದಿನ ಮೂಡ್ಲಗಿರಿ ಕಾರೊಳಗೆ ಕೂತ. ಸ್ಟೇರಿಂಗ್ ಹಿಡಿದ. ಕೂತೇ ಕೂತ. ಬಿಸಿಲೇರಿತು, ಕೂತಿದ್ದ. ಬಿಸಿಲಿಳಿಯಿತು, ಕೂತಿದ್ದ. ಲಕ್ಕಮ್ಮ ತಡಕಾಡಿಕೊಂಡು ಬಂದಳು.

"ಲೇ, ಇನ್ನೂ ಹೋಗಿಲ್ವೇನೋ?"

"ಹೋಗ್ತಾ ಇದೀನಿ ಅವ್ವಾ, ಸ್ಟಾರ್ಟ್ ಮಾಡದೆ!"

ಲಕ್ಕಮ್ಮ ಹಣೆ ಚಚ್ಚಿಕೊಂಡಳು. "ಹಾಳಾದವನೇ, ಕಾರು ಇಲ್ಲೇ ಇರಲಿ! ಬೆಳಗ್ಗೆ ಸ್ಟಾರ್ಟ್ ಮಾಡು, ಏನೇನು ಕೇಳಿಸುತ್ತೋ ಅಷ್ಟನ್ನೂ ಹೋಗಿ ಆಚಾರಿಗೆ ಹೇಳು!"

ಬೆಳಗ್ಗೆ ಸ್ಟಾರ್ಟ್ ಮಾಡಿದ, ಕೇಳಿಸಿಕೊಂಡ, ಓಡಿದ. ನಂಜಾಚಾರಿ ಮುಂದೆ ನಿಂತು ಶುರು ಹಚ್ಚಿದ:

"ಗಡಗಡ ಗಡಗಡ... ಕೊಕ್ಕೊಕ್ಕೋ... ಗಡಗಡ... ಲೇ ಮುಠ್ಠಾಳ, ಹಾಲು ಉಕ್ಕುತ್ತೋ... ಬುಸ್ ಬುಸ್... ಡಬ್!"

"ಯಾರನ್ನೋ ಮುಠ್ಠಾಳ ಅಂದಿದ್ದು?"

"ಗೊತ್ತಿಲ್ಲ ಆಚಾರ್ರೇ. ಅದೂ ಕೇಳಿಸ್ತು!"

"ಸಾಕು ಮಾರಾಯಾ, ನಾನೇ ಬರ್ತೀನಿ!"

ಮರುದಿನ ಚಳೀಲೇ ನಂಜಾಚಾರಿ ಬಂದ. ಬಾನೆಟ್ ಎತ್ತಿದ, ಸ್ಟಾರ್ಟ್ ಮಾಡಿಸಿದ, ಬಗ್ಗಿ ಕಿವಿಗೊಟ್ಟ. ಬುಸ್ ಬುಸ್! ರಬ್ಬರ್ ಪೈಪೊಂದು ಸೀಳಿತ್ತು. "ಚಳಿಗೆ ಸೀಳು ಬಾಯಿ ಬಿಡುತ್ತೆ, ಗಾಳಿ ಎಳೆಯುತ್ತೆ, ಇಂಜಿನ್ ನಡುಗುತ್ತೆ. ಬಿಸಿಯಾದರೆ ಮುಚ್ಕೊಳ್ಳುತ್ತೆ." ಹೊಸ ಪೈಪು ಹಾಕಿದ. ಕಾರು ಗಪ್‌ಚಿಪ್!

"ನೋಡು ಮೂಡ್ಲಗಿರೀ, ನಾಳೆ ಆಸ್ಪತ್ರೆಗೆ ಹೋಗೋವಾಗ ಅವಸರ ಬೇಡ. ಸ್ಟಾರ್ಟ್ ಮಾಡು, ಒಂದು ನಿಮಿಷ ಬಿಟ್ಟು ಹೊರಡು. ಅಷ್ಟೇ."

"ಅಷ್ಟೇನಾ?"

"ಅಷ್ಟೇ!"

ಬೆಳಗಾಯಿತು. ಲಕ್ಕಮ್ಮ ಮಡಿ ಸೀರೆ ಉಟ್ಟು ಹಿಂದಿನ ಸೀಟಲ್ಲಿ ಕೂತಳು. ಮೂಡ್ಲಗಿರಿ ಸ್ಟಾರ್ಟ್ ಮಾಡಿದ. ಗಡಗಡ ಇಲ್ಲ, ಬುಸ್ ಬುಸ್ ಇಲ್ಲ. ಮೂಡ್ಲಗಿರಿ ಅರವತ್ತರವರೆಗೆ ಎಣಿಸಿದ. ಇಳಿದ. ಹೊರಟ!

ನಂಜಾಚಾರಿ ಅಂಗಡಿ ಬಾಗಿಲು ತೆಗೀತಿದ್ದ. ನೋಡ್ತಾನೆ, ಮೂಡ್ಲಗಿರಿ ಕೈ ಬೀಸ್ಕೊಂಡು ನಡೀತಿದಾನೆ.

"ಎಲ್ಲಿಗೋ?"

"ಆಸ್ಪತ್ರೆಗೆ, ಅವ್ವನ್ನ ಸೇರಿಸೋಕೆ!"

"ಅವ್ವ ಎಲ್ಲೋ?"

"ಕಾರಲ್ಲಿ!"

"ಕಾರೆಲ್ಲೋ?"

"ನೀವೇ ಅಂದ್ರಲ್ಲ ಆಚಾರ್ರೇ, ಒಂದು ನಿಮಿಷ, ಬಿಟ್ಟು ಹೊರಡು ಅಂತ! ಒಂದು ನಿಮಿಷ ಆಯ್ತು. ಬಿಟ್ಟೆ. ಹೊರಟೆ!"

ನಂಜಾಚಾರಿ ಬೈಕ್ ಹತ್ತಿ ಹಾರಿ ಬಂದ. ಆಮೇಲೆ ಅವನೇ ಕಾರು ಓಡಿಸಿ ಲಕ್ಕಮ್ಮನ್ನ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಅನ್ನಿ. ಆದರೆ ಬೈಕಿಳಿದಾಗ ಅಂಗಳದಲ್ಲಿ ಏನು ನೋಡ್ತಾನೆ? ಕಾರು ನಿಂತಲ್ಲೇ ಗುಂಯ್ ಅಂತಿದೆ. ಕಿಟಕೀಲಿ ತಣ್ಣನೆ ಗಾಳಿ ಬೀಸ್ತಿದೆ. ಲಕ್ಕಮ್ಮ ಎರಡೂ ಕೈಯಲ್ಲಿ ಮುಂದಿನ ಸೀಟು ಅವಚಿ ಹಿಡಿದು, ಖಾಲಿ ಸೀಟಿಗೆ ಕಿರುಚ್ತಿದಾಳೆ:

"ಲೇ ಹಾಳಾದವನೇ, ಇಷ್ಟು ಜೋರಾಗಿ ಓಡಿಸಬೇಡ್ವೋ! ತಿರುವು ಬಂತೇನೋ, ಬ್ರೇಕ್ ಹಾಕೋ!"